ಕಪ್ಪೆಯ ಕಾಲು ಮತ್ತು ನಿಜಾಮರ ಕ್ಲೋರೋಫಾರ್ಮ್



ಕಳೆದ ವರ್ಷ ಪಿತ್ತಕೋಶದಲ್ಲಿ ಕಲ್ಲುಗಳಾಗಿ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಹಿಂದಿನ ಸಂಜೆ ಅರಿವಳಿಕೆಯ ವೈದ್ಯರು ಬಂದು ಹಾಸಿಗೆಯ ಬಳಿ ಕುಳಿತರು. ಪ್ರಾಯದಲ್ಲಿ ನನ್ನ ಮಗನಿಗಿಂತ ಚಿಕ್ಕವರು. ನಾಳೆ ಏನೇನು ಔಷಧ ಕೊಡುವಿರಿ ಎಂದು ಕೇಳಿದೆ. ಮೇಷ್ಟರ ಚಟ, ಬಿಡುವುದಿಲ್ಲ. ಅವರು ಬೆರಳು ಮಡಿಚಿ ಎಣಿಸಿದರು: ನಿದ್ರೆಗೆ ಒಂದು, ನೋವಿಗೆ ಒಂದು, ಸ್ನಾಯುಗಳು ಸಡಿಲಾಗಲು ಒಂದು. "ನಿದ್ರೆ ಬಂದ ಮೇಲೆ ನೋವಿಗೆ ಪ್ರತ್ಯೇಕ ಔಷಧ ಏತಕ್ಕೆ?" ಎಂದೆ. ಅವರು ನಕ್ಕು, "ನೀವು ಮಲಗಿರುತ್ತೀರಿ ಸರ್, ನಿಮ್ಮ ನರಗಳು ಮಲಗಿರುವುದಿಲ್ಲ" ಎಂದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಶಸ್ತ್ರಚಿಕಿತ್ಸೆಯ ಭಯದಿಂದಲ್ಲ, ಸುಮಾರು ನಲವತ್ತು ವರ್ಷಗಳ ಹಿಂದೆ ನಾನು ಕೊಟ್ಟ ಒಂದು ಉತ್ತರ ನೆನಪಾಗಿ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ನಾನು ಜೀವಶಾಸ್ತ್ರ ಬೋಧಿಸುತ್ತ ಸೇವಾವಧಿಯನ್ನು ಮುಗಿಸಿದವನು. ಯಾವ ಶಾಲೆ ಎಂಬುದು ಇಲ್ಲಿ ಬೇಡ. ಬಿ.ಎಡ್. ಮುಗಿಸಿ ಹೊಸದಾಗಿ ಸೇರಿದ್ದ ಹುರುಪಿನಲ್ಲಿ, ಪಠ್ಯದಲ್ಲಿ ಕಡ್ಡಾಯವಿಲ್ಲದಿದ್ದರೂ, ಒಂದು ಮಳೆಗಾಲ ಹತ್ತನೆಯ ತರಗತಿಗೆ ಕಪ್ಪೆಯ ಛೇದನವನ್ನು ತೋರಿಸಲು ಹೊರಟೆ. ಅಗಲ ಬಾಯಿಯ ಗಾಜಿನ ಶೀಶೆಯಲ್ಲಿ ಕ್ಲೋರೋಫಾರ್ಮ್ ಅದ್ದಿದ ಹತ್ತಿಯನ್ನಿಟ್ಟು, ಕಪ್ಪೆಯನ್ನು ಒಳಗೆ ಬಿಟ್ಟು, ಮುಚ್ಚಳ ಹಾಕಿದೆ. ಕಪ್ಪೆ ಕೆಲಹೊತ್ತು ಗಾಜಿಗೆ ಬಡಿದಾಡಿತು, ಬಳಿಕ ನಿಶ್ಚಲವಾಯಿತು. ಮೇಣದ ತಟ್ಟೆಯ ಮೇಲೆ ಮಲಗಿಸಿ ಪಾದಕ್ಕೆ ಗುಂಡುಸೂಜಿ ಚುಚ್ಚಿದಾಗ ಅದರ ಹಿಂಗಾಲು ಸರ್ರನೆ ಮಡಿಚಿಕೊಂಡಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ಅದಕ್ಕ ಇನ್ನಾ ಬ್ಯಾನಿ ಆಗ್ಲಾಕತ್ತದೇನ್ರಿ? ಕಾಲು ಜಗ್ಗಿಕೊಂಡದ ನೋಡ್ರಿ."

"ಇಲ್ಲವ್ವಾ, ಅದಕ್ಕ ಅರಿವೇ ಇಲ್ಲ. ಕುಂದ್ರು" ಎಂದೆ.

ಆಕೆ ಕುಳಿತಳು. ನನ್ನ ಉತ್ತರವನ್ನು ನಂಬಿ ಕುಳಿತಳೋ, ಮೇಷ್ಟರ ಮಾತೆಂದು ಕುಳಿತಳೋ ತಿಳಿಯದು. ನನಗೆ ಮಾತ್ರ ಆ ಉತ್ತರ ನಿಜವೋ ಸುಳ್ಳೋ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೂ ಗೊತ್ತಿರಲಿಲ್ಲ. ಆಸ್ಪತ್ರೆಯಿಂದ ಮರಳಿದ ಮೇಲೆ ಈ ವಿಷಯದ ಬೆನ್ನು ಹತ್ತಿ ಓದತೊಡಗಿದೆ. ಓದುತ್ತ ಹೋದಂತೆ ಅದು ನನ್ನನ್ನು ನಮ್ಮದೇ ಹಳೆಯ ರಾಜಧಾನಿಯಾದ ಹೈದರಾಬಾದಿಗೆ ಕರೆದೊಯ್ದಿತು.

ನಮ್ಮ ಹಿರಿಯರ ಕಾಲದಲ್ಲಿ ಈ ಮೂರೂ ಊರುಗಳು ನಿಜಾಮರ ಸಂಸ್ಥಾನದ ಗುಲಬರ್ಗಾ ಜಿಲ್ಲೆಯಲ್ಲಿದ್ದವು. 1948ರ ಸೆಪ್ಟೆಂಬರಿನವರೆಗೂ ಅದೇ ಸ್ಥಿತಿ. ನಮ್ಮ ಜಿಲ್ಲೆಯ ಅನೇಕ ಹಳ್ಳಿಗಳು ಪಾಯಗಾ ಜಹಗೀರುಗಳಿಗೆ ಸೇರಿದ್ದವು. ನಾನು ಹೇಳಹೊರಟಿರುವ ಕಾಲದಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಗಾದಿಯ ಮೇಲಿದ್ದರು; ಪಾಯಗಾ ಮನೆತನದ ಸರ್ ಆಸ್ಮಾನ್ ಜಾ ಅವರು ದಿವಾನರಾಗಿದ್ದರು. 1846ರಲ್ಲಿ ಆರಂಭವಾದ ಹೈದರಾಬಾದ್ ವೈದ್ಯಕೀಯ ಶಾಲೆಗೆ ಎಡ್ವರ್ಡ್ ಲಾರಿ ಎಂಬ ಶಸ್ತ್ರವೈದ್ಯರು ಮುಖ್ಯಸ್ಥರಾಗಿದ್ದರು. ಅವರೇ ರೆಸಿಡೆನ್ಸಿಯ ಸರ್ಜನರು ಕೂಡ.

ಲಾರಿಯವರ ಕಾಲಕ್ಕೆ ಅರಿವಳಿಕೆ ಹೊಸ ವಿದ್ಯೆಯೇನೂ ಆಗಿರಲಿಲ್ಲ. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ 'ನಗೆ ಅನಿಲ'ವೆಂದು ಹೆಸರಾದ ನೈಟ್ರಸ್ ಆಕ್ಸೈಡನ್ನು ಸೇವಿಸಿ ತನ್ನದೇ ಹಲ್ಲು ಕೀಳಿಸಿಕೊಂಡಿದ್ದ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಮಾರ್ಟನ್ ಈಥರಿನ ಪ್ರಾತ್ಯಕ್ಷಿಕೆ ನೀಡಿದ. 1847ರ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದ. ಇದು ಈಥರಿಗಿಂತ ಬೇಗ ಮತ್ತು ಸೌಮ್ಯವಾಗಿ ಮಲಗಿಸುತ್ತಿತ್ತು. ಈಥರಿನಂತೆ ಹೊತ್ತಿಕೊಳ್ಳುವ ಭಯವೂ ಇರಲಿಲ್ಲ.

ಆದರೆ ಮೂರು ತಿಂಗಳು ತುಂಬುವ ಮೊದಲೇ ಅದು ಒಂದು ಬಲಿ ಪಡೆಯಿತು. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕಾಸಲ್ ಬಳಿಯ ಹಳ್ಳಿಯೊಂದರಲ್ಲಿ, ಹದಿನೈದು ವರ್ಷದ ಹಾನಾ ಗ್ರೀನರ್ ಎಂಬ ಹುಡುಗಿಯ ಕಾಲಿನ ಉಗುರು ತೆಗೆಯಲೆಂದು ಕ್ಲೋರೋಫಾರ್ಮ್ ಕೊಟ್ಟರು. ಹುಡುಗಿ ಮೊದಲೇ ಬಹಳ ಹೆದರಿದ್ದಳು. ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಯಿತು. ಆಮೇಲೆ ಇಂಥ ಸಾವುಗಳು ಅಲ್ಲಲ್ಲಿ ವರದಿಯಾಗುತ್ತಲೇ ಇದ್ದವು. ಕ್ಲೋರೋಫಾರ್ಮ್ ಕೊಲ್ಲುವುದು ಉಸಿರನ್ನು ನಿಲ್ಲಿಸಿಯೋ, ಹೃದಯವನ್ನು ನಿಲ್ಲಿಸಿಯೋ? ಈ ಪ್ರಶ್ನೆಗೆ ವೈದ್ಯಲೋಕ ಎರಡು ಪಾಳಯವಾಯಿತು. ಲಂಡನ್ನಿನವರು ಬಹುಮಟ್ಟಿಗೆ "ನಾಡಿಯ ಮೇಲೆ ಬೆರಳಿಡಿ" ಎಂದರು. ಎಡಿನ್‌ಬರೋದ ಜೇಮ್ಸ್ ಸೈಮ್ ಅವರ ಪರಂಪರೆಯವರು "ಉಸಿರನ್ನು ನೋಡಿ, ನಾಡಿಯ ಗೊಡವೆ ಬೇಡ" ಎಂದರು.

ಲಾರಿಯವರು ಈ ಸೈಮ್ ಅವರ ಶಿಷ್ಯರು. ಗುರುಭಕ್ತಿ ದೊಡ್ಡದು, ಅದರ ಗುಣವೂ ದೋಷವೂ ಮುಂದಿನ ಕಥೆಯಲ್ಲಿ ಕಾಣುತ್ತವೆ. 1888ರಲ್ಲಿ ಲಾರಿಯವರು ಹೈದರಾಬಾದಿನಲ್ಲಿ ಒಂದು ಆಯೋಗವನ್ನು ನೇಮಿಸಿ ನಾಯಿಗಳ ಮೇಲೆ ಪ್ರಯೋಗ ಮಾಡಿಸಿದರು. ಪ್ರತಿಬಾರಿಯೂ ಮೊದಲು ನಿಂತದ್ದು ಉಸಿರು, ಆಮೇಲೆ ಹೃದಯ ಎಂಬ ಫಲಿತಾಂಶ ಬಂದಿತು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಸಂಶಯದಿಂದ ಕಂಡಿತು. ಆಗ ಲಾರಿಯವರು ನಿಜಾಮ್ ಸರ್ಕಾರದಿಂದ ಒಂದು ಸಾವಿರ ಪೌಂಡು ಮಂಜೂರು ಮಾಡಿಸಿ, ನಿಮಗೆ ನಂಬಿಕೆಯಿರುವ ತಜ್ಞರನ್ನು ನೀವೇ ಕಳುಹಿಸಿ ಎಂದು ಆ ಪತ್ರಿಕೆಗೆ ಸವಾಲು ಹಾಕಿದರು. ಪತ್ರಿಕೆ ಆರಿಸಿ ಕಳುಹಿಸಿದ್ದು ಥಾಮಸ್ ಲಾಡರ್ ಬ್ರಂಟನ್ ಅವರನ್ನು. ಎದೆನೋವಿಗೆ ಅಮೈಲ್ ನೈಟ್ರೈಟ್ ಬಳಸಬಹುದೆಂದು 1867ರಲ್ಲಿಯೇ ತೋರಿಸಿದ್ದ ಹೆಸರಾಂತ ವೈದ್ಯರು ಅವರು.

1889ರಲ್ಲಿ ಬ್ರಂಟನ್ ಬಂದರು. ಆಗ ಬೊಂಬಾಯಿಯಿಂದ ಹೈದರಾಬಾದಿಗೆ ರೈಲುದಾರಿಯಿದ್ದದ್ದು ಸೊಲ್ಲಾಪುರ, ಗುಲಬರ್ಗಾ, ವಾಡಿಯ ಮೂಲಕ. ಬೊಂಬಾಯಿಯಲ್ಲಿ ಹಡಗಿನಿಂದ ಇಳಿದವರು ಬೇರೆ ದಾರಿ ಹಿಡಿಯುವಂತಿರಲಿಲ್ಲ. ಎಂದರೆ ಆ ಮಹನೀಯರು ನಮ್ಮ ಜೋಳದ ಹೊಲಗಳನ್ನು ಕಿಟಕಿಯಿಂದ ನೋಡುತ್ತಲೇ ಹೋಗಿರಬೇಕು. ಆ ಸಾವಿರ ಪೌಂಡಿನಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರು ಕಟ್ಟಿದ ಭೂಕಂದಾಯದ ಬಿಡಿಗಾಸೂ ಸೇರಿರಬಹುದೆಂದು ನಾನು ಎಣಿಸುತ್ತೇನೆ. ಜಗತ್ತಿನ ವೈದ್ಯಶಾಸ್ತ್ರದ ಒಂದು ದೊಡ್ಡ ವಾದಕ್ಕೆ ನಮ್ಮ ಸಂಸ್ಥಾನ ಹಣ ತೆತ್ತಿತೆಂಬುದನ್ನು ನಮಗೆ ಯಾವ ಪಠ್ಯಪುಸ್ತಕವೂ ಹೇಳಲಿಲ್ಲ. ನಾನೂ ನಿಮಗೆ ಹೇಳಲಿಲ್ಲ.

ಎರಡನೆಯ ಆಯೋಗದಲ್ಲಿ ಲಾರಿ, ಬ್ರಂಟನ್, ಬಾಮ್‌ಫರ್ಡ್ ಅವರೊಂದಿಗೆ ರುಸ್ತುಮ್‌ಜಿ ಹಕೀಮ್ ಎಂಬ ಭಾರತೀಯ ವೈದ್ಯರೂ ಸದಸ್ಯರಾಗಿದ್ದರು. ಅದೇ ವೈದ್ಯಕೀಯ ಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ತರುಣಿಯೂ ಈ ಕಾರ್ಯದಲ್ಲಿ ಪಾಲ್ಗೊಂಡರು. ಮುಂದೆ ಅವರು ಹೈದರಾಬಾದಿನ ಆಸ್ಪತ್ರೆಗಳಲ್ಲಿ ಕ್ಲೋರೋಫಾರ್ಮ್ ಕೊಡುವ ಕೆಲಸವನ್ನೇ ವೃತ್ತಿಯಾಗಿಸಿಕೊಂಡು, 1909ರಲ್ಲಿ ಹೆಚ್ಚಿನ ವ್ಯಾಸಂಗಕ್ಕೆ ಎಡಿನ್‌ಬರೋಗೂ ಹೋಗಿಬಂದರು. ಲೋಕದ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಅವರ ಹೆಸರನ್ನು ಇಂದು ಎಣಿಸುತ್ತಾರೆ. ನನ್ನ ವಿದ್ಯಾರ್ಥಿನಿಯರೇ, ಈ ಹೆಸರನ್ನು ನಿಮ್ಮ ಹೆಣ್ಣುಮಕ್ಕಳಿಗೆ ತಪ್ಪದೆ ಹೇಳಿ.

ಆಯೋಗವು ಲಂಡನ್ನಿಗೆ ಕಳುಹಿಸಿದ ತಂತಿಯಲ್ಲಿ ಬಳಸಿದ ಪ್ರಾಣಿಗಳ ಸಂಖ್ಯೆಯಿದೆ: 490. ನಾಯಿ, ಕುದುರೆ, ಕೋತಿ, ಆಡು, ಬೆಕ್ಕು, ಮೊಲ. ನೂರಿಪ್ಪತ್ತು ಪ್ರಾಣಿಗಳಲ್ಲಿ ರಕ್ತದ ಒತ್ತಡವನ್ನು ಯಂತ್ರದಿಂದ ಅಳೆದು ದಾಖಲಿಸಿದ್ದರು. ಕ್ಲೋರೋಫಾರ್ಮಿನ ಅಪಾಯವೆಲ್ಲ ಉಸಿರುಕಟ್ಟುವುದರಿಂದ ಅಥವಾ ಅತಿಯಾದ ಪ್ರಮಾಣದಿಂದ. ಹೃದಯದ ಮೇಲೆ ನೇರ ಅಪಾಯ ಇಲ್ಲವೇ ಇಲ್ಲ ಎಂಬುದು ಅವರ ತೀರ್ಮಾನ. ಹೃದಯಕ್ಕೂ ಅಪಾಯವುಂಟೆಂದು ನಂಬಿಕೊಂಡು ಬಂದಿದ್ದ ಬ್ರಂಟನ್ ಇಲ್ಲಿ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. ಅರೆಬರೆ ಮಂಪರಿನಲ್ಲಿರುವ ಪ್ರಾಣಿಗೆ ನೋವು ತಗುಲಿದರೆ ಆ ಆಘಾತದಿಂದ ಹೃದಯ ನಿಲ್ಲಬಹುದೇ ಎಂಬುದನ್ನೂ ಅವರು ಪರೀಕ್ಷಿಸಿದರು. ನಿಲ್ಲುವುದಿಲ್ಲವೆಂದೇ ಹೇಳಿದರು.

ಈ ಸಾಲಿನ ಬಳಿ ನಾನು ಬಹಳ ಹೊತ್ತು ನಿಂತೆ. ಅರೆಬರೆ ಮಂಪರಿನಲ್ಲಿರುವ ಪ್ರಾಣಿ ಎಂದರೆ ಅದಕ್ಕೆ ನೋವು ತಟ್ಟಬಲ್ಲ ಪ್ರಾಣಿ. ಇಂಗ್ಲೆಂಡಿನಲ್ಲಿ 1876ರಿಂದಲೇ ಪ್ರಾಣಿಪ್ರಯೋಗಗಳ ಮೇಲೆ ಕಾನೂನಿನ ಹಿಡಿತವಿತ್ತು; ನಿಜಾಮರ ಸಂಸ್ಥಾನಕ್ಕೆ ಅದು ಅನ್ವಯಿಸುತ್ತಿರಲಿಲ್ಲ. ರೋಗಿಗಳ ಪ್ರಾಣ ಉಳಿಸುವ ಹಂಬಲದಿಂದಲೇ ಆ ವೈದ್ಯರು ಇದನ್ನು ಮಾಡಿದರೆಂಬುದು ಸತ್ಯ. ಬೆಲೆ ತೆತ್ತವರು ಯಾರೆಂಬುದೂ ಸತ್ಯ.

ಇಷ್ಟೆಲ್ಲ ಮಾಡಿಯೂ ತೀರ್ಮಾನ ತಪ್ಪಾಗಿತ್ತು. 1893ರಲ್ಲಿ ಕೇಂಬ್ರಿಜ್‌ನ ಗ್ಯಾಸ್ಕೆಲ್ ಮತ್ತು ಶೋರ್ ಅವರು ಕ್ಲೋರೋಫಾರ್ಮ್ ಹೃದಯವನ್ನೇ ನೇರವಾಗಿ ಕುಗ್ಗಿಸುತ್ತದೆಂದು ತೋರಿಸಿದರು. ಕೊನೆಯ ಗಂಟು ಬಿಡಿಸಿದವರು ಲಂಡನ್ನಿನ ಗುಡ್‌ಮನ್ ಲೆವಿ, 1911ರಲ್ಲಿ. ಬೆಕ್ಕುಗಳಿಗೆ ಹಗುರಾಗಿ ಕ್ಲೋರೋಫಾರ್ಮ್ ಕೊಟ್ಟು ಆ ಸ್ಥಿತಿಯಲ್ಲಿ ಅಡ್ರಿನಲಿನ್ ಚುಚ್ಚಿದಾಗ, ಹೃದಯದ ಕೆಳಕೋಣೆಗಳು ಬಡಿಯುವುದನ್ನು ಬಿಟ್ಟು ಸುಮ್ಮನೆ ಅದುರತೊಡಗಿದವು. ಉಸಿರು ನಿಲ್ಲುವ ಮೊದಲೇ ಪ್ರಾಣಿ ಸತ್ತಿತು. ಅಡ್ರಿನಲಿನ್ ಎಂದರೆ ಭಯವಾದಾಗ, ನೋವಾದಾಗ ನಮ್ಮ ದೇಹವೇ ರಕ್ತಕ್ಕೆ ಸುರಿಯುವ ರಸ. ಹೆಚ್ಚು ಅಪಾಯವಿದ್ದದ್ದು ಗಾಢ ಮಂಪರಿನಲ್ಲಲ್ಲ, ಹಗುರವಾದ ಮಂಪರಿನಲ್ಲಿ. ಅದರ ಜೊತೆಗೆ ಭಯ ಮತ್ತು ನೋವು ಸೇರಿದಾಗ. ಆ ಹುಡುಗಿ ಹಾನಾ ಹೆದರಿ ನಡುಗುತ್ತಿದ್ದಳೆಂಬ ಸಂಗತಿ ಅರವತ್ತು ವರ್ಷಗಳ ಬಳಿಕ ಅರ್ಥ ಪಡೆಯಿತು.

ಹೈದರಾಬಾದಿನ ಪಂಡಿತರು ಎದುರಿಗೆ ಕಾಣುವ ಎದೆಯ ಏರಿಳಿತವನ್ನೇ ನೋಡಿದರು. ಒಳಗೆ ನೋವು ಮತ್ತು ಭಯ ಮಾಡುತ್ತಿದ್ದ ಕೆಲಸ ಅವರ ಕಣ್ಣಿಗೆ ಬೀಳಲಿಲ್ಲ. ಅವರನ್ನು ಹಳಿಯಲಾರೆ. ಕಪ್ಪೆಯ ನಿಶ್ಚಲತೆಯನ್ನು ಕಂಡು ಎಲ್ಲ ತಿಳಿಯಿತೆಂದು ನಾನೂ ಎಣಿಸಿದ್ದೆನಲ್ಲ!

ಇನ್ನು ನೋವಿನ ದಾರಿಯನ್ನೇ ನೋಡೋಣ. ತರಗತಿಯಲ್ಲಿ ಹೇಳಿದ್ದನ್ನು ನೆನಪಿಸಿಕೊಳ್ಳಿ. ಹೊಲದಲ್ಲಿ ಬರಿಗಾಲಿಗೆ ಜಾಲಿಮುಳ್ಳು ಚುಚ್ಚಿದೊಡನೆ ಕಾಲು ತಾನಾಗಿ ಮೇಲೇಳುತ್ತದೆ. "ಅಯ್ಯೋ" ಎಂಬ ಅರಿವು ಅರೆಕ್ಷಣ ತಡವಾಗಿ ಬರುತ್ತದೆ. ಚರ್ಮದ ನರತುದಿಗಳಿಂದ ಹೊರಟ ಸುದ್ದಿ ಮೊದಲು ಬೆನ್ನುಹುರಿಗೆ ತಲುಪುತ್ತದೆ. ಅಲ್ಲಿಂದಲೇ ಸ್ನಾಯುವಿಗೆ ಆಜ್ಞೆ ಹೊರಟು ಕಾಲನ್ನು ಎಳೆದುಕೊಳ್ಳುವುದು ಪರಾವರ್ತಿತ ಕ್ರಿಯೆ. ಅದೇ ಸುದ್ದಿ ಮೇಲೇರಿ ಮಿದುಳನ್ನು ಮುಟ್ಟಿದಾಗ ಅದು ನೋವೆನಿಸುತ್ತದೆ. ಮಿದುಳಿಲ್ಲದ ಕಪ್ಪೆಯೂ ಪಾದಕ್ಕೆ ಆಮ್ಲ ತಗುಲಿದರೆ ಕಾಲೆಳೆದುಕೊಳ್ಳುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಿಳಿದಿತ್ತು.

ಈ ದಾರಿಯಲ್ಲಿ ಅರಿವಳಿಕೆಯ ಅನಿಲಗಳು ಎಲ್ಲಿ ತಡೆಯೊಡ್ಡುತ್ತವೆ? ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಅವರು ಮುಟ್ಟಿದರೆ ಮುನಿ ಗಿಡವನ್ನು ಈಥರಿನ ಆವಿಯಲ್ಲಿಟ್ಟು ನೋಡಿದರು. ಮುಟ್ಟಿದರೂ ಅದು ಮುನಿಯಲಿಲ್ಲ. ನರವೇ ಇಲ್ಲದ ಗಿಡವೂ ಮಂಪರಿಗೆ ಸಿಕ್ಕಿತು! ಆಲಿವ್ ಎಣ್ಣೆಯಲ್ಲಿ ಹೆಚ್ಚು ಕರಗುವ ಅನಿಲವೇ ಹೆಚ್ಚು ಪ್ರಬಲ ಎಂದು 1899ರಲ್ಲಿ ಮೇಯರ್, 1901ರಲ್ಲಿ ಓವರ್ಟನ್ ಕಂಡುಕೊಂಡರು. ಆದುದರಿಂದ ಇವು ನರಕೋಶದ ಕೊಬ್ಬಿನ ಪೊರೆಯಲ್ಲಿ ಕರಗಿ ಕೆಲಸ ಮಾಡುತ್ತವೆಂದು ಬಹುಕಾಲ ನಂಬಿದ್ದರು. 1984ರಲ್ಲಿ ಲಂಡನ್ನಿನ ಫ್ರ್ಯಾಂಕ್ಸ್ ಮತ್ತು ಲೀಬ್, ಕೊಬ್ಬಿನ ಸೋಂಕಿಲ್ಲದ ಪ್ರೋಟೀನನ್ನೇ ಈ ಔಷಧಗಳು ತಡೆಯಬಲ್ಲವೆಂದು ತೋರಿಸಿದ ಮೇಲೆ ದೃಷ್ಟಿ ಬದಲಾಯಿತು. ನರಕೋಶಗಳನ್ನು ಸುಮ್ಮನಿರಿಸುವ 'ಗಾಬಾ' ಮೊದಲಾದ ಸಂಕೇತಗಳ ಬಲವನ್ನು ಐಸೊಫ್ಲುರೇನಿನಂತಹ ಅನಿಲಗಳು ಹೆಚ್ಚಿಸುತ್ತವೆ. ಕೆರಳಿಸುವ ಸಂಕೇತಗಳನ್ನು ಕುಗ್ಗಿಸುತ್ತವೆ.

ಅನಿಲದ ಬಲವನ್ನು ಅಳೆಯಲು 1960ರ ದಶಕದಲ್ಲಿ ಅಮೆರಿಕದ ಎಡ್ಮಂಡ್ ಈಗರ್ ಮತ್ತು ಸಂಗಡಿಗರು ಒಂದು ಅಳತೆಗೋಲು ಮಾಡಿದರು. ಚರ್ಮಕ್ಕೆ ಕತ್ತರಿ ತಾಗಿದಾಗ ನೂರರಲ್ಲಿ ಐವತ್ತು ಜೀವಿಗಳು ಅಲುಗಾಡದಿರಲು ಉಸಿರಿನಲ್ಲಿ ಶೇಕಡ ಎಷ್ಟು ಅನಿಲ ಬೇಕು ಎಂಬುದೇ ಆ ಅಳತೆ. ಗಮನಿಸಿ, ಅಳೆದದ್ದು ಅಲುಗಾಟವನ್ನು, ನೋವನ್ನಲ್ಲ. ಅಲುಗಾಟವನ್ನು ತಡೆಯುವುದು ಮಿದುಳಿನ ಮೂಲಕವೇ ಎಂದು ಎಲ್ಲರೂ ಭಾವಿಸಿದ್ದರು.

1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಎರಡು ಸಂಶೋಧನೆಗಳು ಆ ಭಾವನೆಯನ್ನು ತಲೆಕೆಳಗು ಮಾಡಿದವು. ರ್‍ಯಾಂಪಿಲ್ ಮತ್ತು ಸಂಗಡಿಗರು ಮುಂಮಿದುಳನ್ನು ತೆಗೆದ ಇಲಿಗಳಲ್ಲಿಯೂ ಆ ಅಳತೆ ಬದಲಾಗದೆ ಹಾಗೆಯೇ ಉಳಿಯುವುದನ್ನು ಕಂಡರು. ಆಂಟೊಗ್ನಿನಿ ಮತ್ತು ಶ್ವಾರ್ಟ್ಸ್ ಅವರು ಆಡುಗಳ ಮಿದುಳಿನ ರಕ್ತಸಂಚಾರವನ್ನು ಉಳಿದ ದೇಹದಿಂದ ಬೇರ್ಪಡಿಸಿದರು. ಇಡೀ ದೇಹಕ್ಕೆ ಐಸೊಫ್ಲುರೇನ್ ಕೊಟ್ಟಾಗ ಶೇಕಡ 1.2ರಷ್ಟು ಸಾಕಾಗುತ್ತಿತ್ತು, ಮಿದುಳಿಗೆ ಮಾತ್ರ ಕೊಟ್ಟಾಗ ಆಡು ಅಲುಗದಿರಲು ಶೇಕಡ 2.9 ಬೇಕಾಯಿತು. ಎಂದರೆ ದೇಹವನ್ನು ನಿಶ್ಚಲಗೊಳಿಸುವುದು ಮುಖ್ಯವಾಗಿ ಬೆನ್ನುಹುರಿಯ ಮೇಲೆ ಅನಿಲದ ಪ್ರಭಾವ. ಅರಿವನ್ನು ಅಳಿಸುವುದು ಮಿದುಳಿನ ಮೇಲೆ. ಎರಡು ಬೇರೆ ಬೇರೆ ಕೆಲಸಗಳು. ಮನುಷ್ಯರಲ್ಲಿ ಅರಿವು ತಪ್ಪಿಸಲು ನಿಶ್ಚಲತೆಗೆ ಬೇಕಾದುದರ ಮೂರನೆಯ ಒಂದು ಭಾಗದಷ್ಟು ಅನಿಲವೇ ಸಾಕು.

ಮೂರನೆಯ ಕೆಲಸ, ನೋವಿನ ಸುದ್ದಿಯನ್ನೇ ತಡೆಯುವುದು. ಇದರಲ್ಲಿ ಐಸೊಫ್ಲುರೇನಿನಂತಹ ಅನಿಲಗಳು ದುರ್ಬಲ. ಪೂರ್ತಿ ಮಲಗಿದ ರೋಗಿಗೂ ಕತ್ತರಿ ತಾಗಿದೊಡನೆ ನಾಡಿ ಏರುತ್ತದೆ, ರಕ್ತದೊತ್ತಡ ಏರುತ್ತದೆ. ಸುದ್ದಿ ತಲುಪುತ್ತಲೇ ಇರುತ್ತದೆ, ಓದುವವರು ಮಾತ್ರ ಇಲ್ಲ. ಬಹಳ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಇಲಿಗಳಲ್ಲಿ ನೋವಿನ ಪ್ರತಿಕ್ರಿಯೆ ಇನ್ನೂ ಹೆಚ್ಚಿದ್ದುಂಟು. ನಗೆ ಅನಿಲದ ರೀತಿಯೇ ಬೇರೆ. ಅದು ಮಿದುಳಿನ ಬುಡದಲ್ಲಿ ದೇಹದ್ದೇ ಆದ ಅಫೀಮಿನಂತಹ ವಸ್ತುಗಳನ್ನು ಬಿಡುಗಡೆ ಮಾಡಿಸಿ, ಅಲ್ಲಿಂದ ಬೆನ್ನುಹುರಿಗೆ ಇಳಿಯುವ ನರಗಳ ಮೂಲಕ ನೋವಿನ ಬಾಗಿಲನ್ನು ಮುಚ್ಚಿಸುತ್ತದೆ. ಹೆರಿಗೆಯ ಬೇನೆಗೆ ಎಚ್ಚರವಿದ್ದಂತೆಯೇ ಅದನ್ನು ಕೊಡಬಹುದಾದದ್ದು ಈ ಕಾರಣದಿಂದ. ನನ್ನ ವೈದ್ಯರು ಮೂರು ಬೆರಳು ಮಡಿಚಿದ್ದರ ಅರ್ಥ ಈಗ ನಿಮಗೆ ತಿಳಿಯಿತಲ್ಲವೇ?

ಇಷ್ಟನ್ನು ಓದಿದ ಮೇಲೆ ಆ ಹುಡುಗಿಯ ಪ್ರಶ್ನೆಗೆ ಮರಳುತ್ತೇನೆ. ಮಗಳೇ, ನೀನು ಎಲ್ಲಿದ್ದೀಯೋ, ಇದನ್ನು ಓದುತ್ತೀಯೋ ಇಲ್ಲವೋ. ಕಾಲು ಮಡಿಚಿದ ಆ ಗಳಿಗೆಯಲ್ಲಿ ಕಪ್ಪೆಗೆ ನೋವಿನ ಅರಿವು ಬಹುಶಃ ಇರಲಿಲ್ಲ. ಮಿದುಳು ಬೇಗ ಮಲಗುತ್ತದೆ, ಬೆನ್ನುಹುರಿ ತಡವಾಗಿ. ನೀನು ಕಂಡದ್ದು ಇನ್ನೂ ಮಲಗದ ಬೆನ್ನುಹುರಿಯನ್ನು. ಆದರೆ ನಾನು ನಿನಗೆ ಅದನ್ನು ತಿಳಿದು ಹೇಳಲಿಲ್ಲ, ನಿನ್ನನ್ನು ಕೂರಿಸಲು ಹೇಳಿದೆ. ಮೇಲಾಗಿ ಆ ಕಪ್ಪೆ ಶೀಶೆಯಲ್ಲಿ ಬಡಿದಾಡಿದ ನಿಮಿಷಗಳಲ್ಲಿ ಅದಕ್ಕೆ ಪೂರ್ಣ ಎಚ್ಚರವಿತ್ತು. ನೀನು ಆಗಲೇ ಕೇಳಿದ್ದರೆ ನನ್ನ ಬಳಿ ಉತ್ತರವೇ ಇರುತ್ತಿರಲಿಲ್ಲ.

ನನ್ನ ಬಾಲ್ಯದ ಇನ್ನೊಂದು ನೋಟವೂ ಈ ಓದಿನೊಂದಿಗೆ ಎದ್ದು ಬಂದಿತು. ನಮ್ಮ ಮನೆಯ ಹೋರಿಯ ಬೀಜ ಒಡೆಸಿದ ದಿನ. ನಾಲ್ಕಾರು ಜನ ಹಗ್ಗ ಕಟ್ಟಿ ಕೆಡವಿ ಹಿಡಿದರು. ಹೋರಿ ಕೂಗಲಿಲ್ಲ, ಕಣ್ಣು ಅಗಲಿಸಿ ಬುಸುಗುಟ್ಟಿತು, ಅಷ್ಟೆ. "ಮೂಕ ಪ್ರಾಣಿ, ಅದಕ್ಕೇನೂ ಆಗಂಗಿಲ್ಲ" ಎಂದರು ಹಿರಿಯರು. ಕೂಗದಿದ್ದುದೇ ನೋವಿಲ್ಲದ್ದಕ್ಕೆ ಸಾಕ್ಷಿಯಾಯಿತು. ಎರಡು ದಿನ ಅದು ಮೇವು ಮುಟ್ಟಲಿಲ್ಲವೆಂಬುದನ್ನು ಯಾರೂ ಸಾಕ್ಷಿಯೆಂದು ಎಣಿಸಲಿಲ್ಲ.

ನಮ್ಮ ದೇಶದಲ್ಲಿ ಈ ಕುರಿತು ದನಿಯೆತ್ತಿದವರಲ್ಲಿ ನಾಟ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಪ್ರಮುಖರು. ರಾಜ್ಯಸಭೆಯಲ್ಲಿ ಅವರು ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ ಬಂದಿತು. ಪ್ರಯೋಗದಲ್ಲಿ ಪ್ರಾಣಿಗೆ ಶಸ್ತ್ರಕ್ರಿಯೆ ಮಾಡುವಾಗ ನೋವು ತಿಳಿಯದಷ್ಟು ಅರಿವಳಿಕೆ ಕೊಡಬೇಕೆಂಬ ಆಶಯ ಅದರಲ್ಲಿದೆ. ದನಗಳ ಬೀಜ ಒಡೆಯುವುದು, ಕೋಡು ತೆಗೆಯುವುದು, ಮೂಗುದಾರ ಹಾಕುವುದು ಇವುಗಳನ್ನು ಮಾತ್ರ, ನಿಗದಿಪಡಿಸಿದ ರೀತಿಯಲ್ಲಿ ಮಾಡಿದರೆ, ಕ್ರೌರ್ಯವಲ್ಲವೆಂದು ಅದೇ ಕಾಯಿದೆ ಹೊರಗಿಟ್ಟಿದೆ. 2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಛೇದನವನ್ನು ಕೈಬಿಡುವಂತೆ ಸೂಚಿಸಿತು. ನಾನು ಅಷ್ಟರೊಳಗೆ ಬಹಳ ಹಿಂದೆಯೇ ಬಿಟ್ಟಿದ್ದೆ. ಕರುಣೆಯಿಂದಲ್ಲ, ಕ್ಲೋರೋಫಾರ್ಮ್ ತರಿಸುವ ತೊಂದರೆಯಿಂದ. ಸತ್ಯವನ್ನೇ ಹೇಳಬೇಕಲ್ಲ.

ನಿಮ್ಮಲ್ಲಿ ಇನ್ನೂ ದನಕರು ಸಾಕಿರುವವರು ಅನೇಕರಿದ್ದೀರಿ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಹೋರಿಗರುವಿನ ಬೀಜ ಒಡೆಸುವಾಗ ಪಶುವೈದ್ಯರನ್ನು ಕರೆಯಿಸಿ, ನೋವು ಶಮನದ ಚುಚ್ಚುಮದ್ದನ್ನು ಕೇಳಿ ಹಾಕಿಸಿ. ಅದು ಸುಮ್ಮನೆ ನಿಂತಿದೆಯಲ್ಲ ಎಂದು ಯಾರಾದರೂ ಅಂದರೆ, ನಮ್ಮ ಮೇಷ್ಟರೂ ಒಮ್ಮೆ ಹಾಗೆಯೇ ಎಣಿಸಿ ತಪ್ಪಿದ್ದರೆಂದು ಹೇಳಿ.